ಕೊನೆಯ ರೀಲಿನ ಉಸಿರು

ಒಂದು ಉಸಿರಿನ ಬಗ್ಗೆ ಒಂಬತ್ತು ಪುಟ ಬರೆದವಳು ನಾನು. ಅದೂ ಅಡಿಟಿಪ್ಪಣಿಗಳ ಸಮೇತ. ಕಪ್ಪು ಬಿಳುಪಿನ ಕಾಲದ ಒಂದು ಅಮೆರಿಕನ್ ಸಿನಿಮಾದ ಕೊನೆಯಲ್ಲಿ ನಾಯಕಿ ಮನೆ ಬಿಟ್ಟು ಹೋಗುತ್ತಾಳೆ. ತೆರೆಯ ಮೇಲೆ ಅವಳ ಮುಖ ಇರುತ್ತದೆ, ಮರುಕ್ಷಣ ಬರೀ ಬಾಗಿಲು, ಅವಳಿಲ್ಲ. ಆ ಖಾಲಿ ಬಾಗಿಲಿನ ಮೇಲೆ ಒಂದು ಉಸಿರು ಕೇಳಿಸುತ್ತದೆ. ಒಂದು ಸೆಕೆಂಡು, ಹೆಚ್ಚೆಂದರೆ ಇನ್ನೊಂದು ಚೂರು. ಆ ಉಸಿರೇ ನನ್ನ ಪಿಎಚ್‌ಡಿ ಪ್ರಬಂಧದ ಐದನೆಯ ಅಧ್ಯಾಯ. ಇಂಥದ್ದು ಬರೆದೆನಲ್ಲ ಎಂದು ಒಳಗೊಳಗೇ ಎಷ್ಟು ಬೀಗಿದ್ದೆನೆಂದರೆ, ಈಗ ನೆನೆದರೆ ಮುಖ ಮುಚ್ಚಿಕೊಳ್ಳೋಣ ಅನಿಸುತ್ತದೆ.

ಸಿನಿಮಾಕ್ಕೆ ಮೂಲ ಒಂದು ನಾಟಕ. ರೈಲ್ವೆ ಸ್ಟೇಷನ್ನಿನ ಹಿಂದೆ ಬಟ್ಟೆ ಒಗೆಯುವ ಅಂಗಡಿ ನಡೆಸುವ ಅಕ್ಕ, ಅವಳ ದುಡಿಮೆಯಲ್ಲೇ ಬೆಳೆದ ಇಬ್ಬರು ತಮ್ಮಂದಿರು, ಒಬ್ಬಳು ತಂಗಿ. ಕೊನೆಯ ಅಂಕದಲ್ಲಿ ಅವರೆಲ್ಲ ಸೇರಿ ಅಕ್ಕನನ್ನು ಕೇಳದೆಯೇ ಅಂಗಡಿ ಮಾರಿಬಿಡುತ್ತಾರೆ. ಆಗ ಅಕ್ಕ ಎರಡು ಪುಟ ಉದ್ದದ ಮಾತಾಡುತ್ತಾಳೆ. ಬೈಯುತ್ತಾಳೆ, ಹಳೆಯದೆಲ್ಲ ಹೇಳಿಕೊಳ್ಳುತ್ತಾಳೆ, ಕಡೆಗೆ ‘ನಾನು ಹೊರಟೆ, ಒಬ್ಬರಾದರೂ ನಿಲ್ಲು ಅನ್ನಿ’ ಎಂದು ಬೇಡುತ್ತಾಳೆ. ಯಾರೂ ಅನ್ನುವುದಿಲ್ಲ. ಹೋಗುತ್ತಾಳೆ. ಸಿನಿಮಾದಲ್ಲಾದರೋ ಆ ಮಾತಿನ ಒಂದಕ್ಷರವೂ ಇರಲಿಲ್ಲ. ಅವಳು ಎಲ್ಲರ ಮುಖವನ್ನು ಒಮ್ಮೆ ನೋಡುತ್ತಾಳೆ, ಆಮೇಲೆ ಬಾಗಿಲು, ಆಮೇಲೆ ಆ ಉಸಿರು. ನಿರ್ದೇಶಕ ನಾಟಕದ ಬೇಡಿಕೆಯನ್ನೆಲ್ಲ ಕಿತ್ತೆಸೆದು ನಟಿಯ ಮುಖವನ್ನು ನಂಬಿದ, ಬಾಯಿಬಡುಕಿ ಪಾತ್ರಗಳಿಗೇ ಹೆಸರಾದ ಆ ತಾರೆಗೆ ಇದೊಂದೇ ಸಲ ಮೌನದ ಘನತೆ ಸಿಕ್ಕಿತು ಎನ್ನುವುದು ನನ್ನ ವಾದ. ಮೈಸೂರಿನಲ್ಲಿದ್ದ ನನ್ನ ಗೈಡ್ ಆ ಅಧ್ಯಾಯ ಓದಿ, “ಇದೊಂದಕ್ಕೇ ನಿಮಗೆ ಡಿಗ್ರಿ ಕೊಡಬಹುದಮ್ಮ” ಅಂದಿದ್ದರು.

ಡಿಗ್ರಿ ನನಗೆ ಬೇಕೇ ಬೇಕಿತ್ತು. ವಿರಾಜಪೇಟೆಯ ಕಾಲೇಜಿನಲ್ಲಿ ನಾನು ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ಪಿಎಚ್‌ಡಿ ಇಲ್ಲದವರನ್ನು ಮುಂದಿನ ವರ್ಷದಿಂದ ಕರೆಯುವುದಿಲ್ಲ ಎಂದು ಪ್ರಿನ್ಸಿಪಾಲರು ಮುಖಕ್ಕೇ ಹೇಳಿಯಾಗಿತ್ತು. ವಿಶ್ವವಿದ್ಯಾಲಯ ಎರಡು ಸಲ ಗಡುವು ವಿಸ್ತರಿಸಿ, ಇದೇ ಕೊನೆ, ತಪ್ಪಿದರೆ ನೋಂದಣಿ ರದ್ದು ಎಂದು ಕಾಗದ ಕಳಿಸಿತ್ತು. ನಾನು ಈ ಕಥೆ ಶುರು ಮಾಡುವ ದಿನಕ್ಕೆ ಗಡುವಿಗೆ ಮೂವತ್ತೊಂದು ದಿನ ಉಳಿದಿತ್ತು.

ಸಿನಿಮಾದ ಪ್ರತಿ ಸಿಕ್ಕಿದ್ದೇ ಒಂದು ಪುಣ್ಯ. ಅದನ್ನು ತೆಗೆದ ಚಿಕ್ಕ ಕಂಪನಿ ಮುಚ್ಚಿ ಯಾವ ಕಾಲವೋ ಆಗಿದೆ. ಇಂಟರ್‌ನೆಟ್ಟಿನಲ್ಲಿ ಪೋಸ್ಟರ್ ಬಿಟ್ಟರೆ ಏನೂ ಇಲ್ಲ. ಆದರೆ ಪಾಲಿಬೆಟ್ಟದ ಒಂದು ಎಸ್ಟೇಟಿನ ಬಂಗಲೆಯಲ್ಲಿ ಹಿಂದಿನ ಬ್ರಿಟಿಷ್ ದೊರೆಗಳು ಬಿಟ್ಟುಹೋದ ಹದಿನಾರು ಮಿಲಿಮೀಟರಿನ ಫಿಲ್ಮ್ ರೀಲುಗಳಿದ್ದವು. ಈಗಿನ ಯಜಮಾನಿ, ಎಪ್ಪತ್ತು ದಾಟಿದ ಕೊಡವತಿ ಆಂಟಿ, ಅವನ್ನು ಬೆಂಗಳೂರಿನಲ್ಲಿ ಡಿಜಿಟಲ್ ಮಾಡಿಸಿ ಇಟ್ಟಿದ್ದರು. ನನಗೆ ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟು, ಮೇಲಿಂದ ಒಂದು ಬಾಟಲು ಜೇನನ್ನೂ ಕೊಟ್ಟಿದ್ದರು.

ನಾನು ಕೆಲಸ ಮಾಡಿದ ರೀತಿ ಹೀಗೆ. ಲ್ಯಾಪ್‌ಟಾಪಿನಲ್ಲಿ ಒಂದೊಂದು ಶಾಟನ್ನೂ ನಿಲ್ಲಿಸಿ, ಹಿಂದೆ ಮುಂದೆ ಮಾಡಿ, ಉದ್ದನೆಯ ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಬರೆಯುವುದು. ಶಾಟಿನ ಸಂಖ್ಯೆ, ಎಷ್ಟು ಸೆಕೆಂಡು, ಕ್ಯಾಮರಾ ಎಷ್ಟು ಹತ್ತಿರ, ನಟಿಯ ಕೈ ಎಲ್ಲಿದೆ, ಕಣ್ಣು ಯಾರ ಮೇಲೆ, ಶಬ್ದ ಏನು. ಎದುರು ಪುಟದಲ್ಲಿ ನಾಟಕದ ಅದೇ ಜಾಗದ ಸಂಭಾಷಣೆ. ಬೆಳಿಗ್ಗೆ ಐದಕ್ಕೆದ್ದು, ಕಾಲೇಜಿಗೆ ಹೊರಡುವವರೆಗೆ ಇದೇ. ಆ ನಟಿ ಸೆರಗಿಲ್ಲದ ಬಟ್ಟೆಯಲ್ಲೂ ಸೆರಗು ಸರಿಮಾಡಿಕೊಳ್ಳುವವರ ಹಾಗೆ ಭುಜ ಮುಟ್ಟಿಕೊಳ್ಳುತ್ತಿದ್ದಳು. ನನ್ನ ಮನೆಯ ಯಾವ ಹೆಂಗಸಿನ ಕೈಯನ್ನೂ ನಾನು ಅಷ್ಟು ನೋಡಿಲ್ಲ.

ಗಡುವಿಗೆ ಮೂವತ್ತೊಂದು ದಿನ ಇದ್ದ ಆ ಬೆಳಿಗ್ಗೆ ಅಮೆರಿಕದ ಒಂದು ಗ್ರಂಥಾಲಯದಿಂದ ಇ-ಮೇಲ್ ಬಂತು. ವರ್ಷದ ಹಿಂದೆ ಕೇಳಿ ಮರೆತೇಬಿಟ್ಟಿದ್ದ ಕಾಗದ: ಆ ಸಿನಿಮಾದ ಸಂಭಾಷಣಾ ಪಟ್ಟಿ. ಸಿನಿಮಾ ಬಿಡುಗಡೆಯಾದಾಗ ಅದರಲ್ಲಿ ಯಾರು ಏನು ಮಾತಾಡಿದರು ಎಂದು ರೀಲು ರೀಲಾಗಿ ಟೈಪ್ ಮಾಡಿ ಇಡುವ ಪಟ್ಟಿ ಅದು. ಪ್ರಬಂಧದ ಕೊನೆಗೆ ಅನುಬಂಧವಾಗಿ ಸೇರಿಸಿದರೆ ಚಂದ ಎಂದು ಖುಷಿಯಿಂದ ನನ್ನ ಕೋಷ್ಟಕದ ಪಕ್ಕ ಇಟ್ಟು ಸಾಲು ಸಾಲು ಗುರುತು ಹಾಕುತ್ತಾ ಹೋದೆ. ಎಲ್ಲ ಸರಿಹೊಂದಿತು. ಕೊನೆಯ ರೀಲಿಗೆ ಬಂದಾಗ ಕೈ ನಿಂತಿತು. ನನ್ನ ಕೋಷ್ಟಕದಲ್ಲಿ ಇಲ್ಲದ ಎರಡು ಪುಟ ಮಾತು ಅಲ್ಲಿತ್ತು. ಅಕ್ಕನ ಮಾತು. ನಾಟಕದಲ್ಲಿದ್ದಂತೆಯೇ, ‘ಒಬ್ಬರಾದರೂ ನಿಲ್ಲು ಅನ್ನಿ’ ಎನ್ನುವವರೆಗೂ. ಮಾತಿನ ಮೊದಲ ಸಾಲಿನ ಮುಂಚೆ ಕಂಸದಲ್ಲಿ ಬರೆದಿದ್ದರು: ಉಸಿರೆಳೆದುಕೊಳ್ಳುತ್ತಾಳೆ.

ಮೊದಲು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಬೇರೆ ದೇಶಕ್ಕೆ ಬೇರೆ ಪ್ರತಿ ಮಾಡಿರಬಹುದು, ಸೆನ್ಸಾರಿನವರು ತೆಗೆದಿರಬಹುದು. ಆದರೆ ಒಬ್ಬ ಅಕ್ಕ ತನ್ನ ತಮ್ಮಂದಿರಿಗೆ ಬೈಯುವುದರಲ್ಲಿ ಸೆನ್ಸಾರ್ ಮಾಡುವಂಥದ್ದು ಎಂತ ಇದೆ? ಕಾಲೇಜಿಗೆ ಹೋದೆ, ಪಾಠ ಮಾಡಿದೆ, ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಮನೆಯ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. “ನಡೆದೂ ನಡೆದೂ ನೆಲ ಸವೆಸ್ಬೇಡ ಮಾರಾಯ್ತಿ, ಎಂತ ಆಯ್ತು ಹೇಳು” ಅಂದರು ನನ್ನ ಗಂಡ. ಹೇಳಿದೆ. ಅವರು ಪೂರ್ತಿ ಕೇಳಿ, “ಒಂದು ಉಸಿರಿಗೆ ಇಷ್ಟಾ?” ಅಂದರು. ಆ ದಿನ ಅವರ ಜೊತೆ ಮತ್ತೆ ಮಾತಾಡಲಿಲ್ಲ.

ಮಾರನೆಯ ದಿನ ಗೈಡ್‌ಗೆ ಫೋನ್ ಮಾಡಿದೆ. ಅವರು, “ಈ ಪಟ್ಟಿ ಇನ್ಯಾರ ಹತ್ತಿರ ಇದೆ?” ಎಂದು ಕೇಳಿದರು.

“ನನ್ನ ಹತ್ತಿರ ಮಾತ್ರ ಸರ್. ಮತ್ತೆ ಆ ಗ್ರಂಥಾಲಯದಲ್ಲಿ.”

“ಸಿನಿಮಾ?”

“ಪಾಲಿಬೆಟ್ಟದಲ್ಲಿ.”

“ಹಾಗಾದ್ರೆ ಯಾರಿಗೆ ಗೊತ್ತಾಗುತ್ತೆ, ಹೇಳಿ? ಪರೀಕ್ಷಕರೇನು ನಿಮ್ಮ ಪಾಲಿಬೆಟ್ಟಕ್ಕೆ ಬರ್ತಾರಾ? ಅನುಬಂಧ ಹಾಕ್ಬೇಡಿ. ಇದ್ದ ಹಾಗೆ ಬೈಂಡ್ ಮಾಡಿಸಿ ತನ್ನಿ. ನನಗೂ ಮುಂದಿನ ತಿಂಗಳು ನಿವೃತ್ತಿ, ನಿಮ್ಮದೊಂದು ಮುಗಿದ್ರೆ ಸಾಕಾಗಿದೆ.”

ಅವರು ಕೆಟ್ಟವರಲ್ಲ. ನನಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಫೋನ್ ಇಟ್ಟ ಮೇಲೆ ನನಗೂ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಆ ಹಾಯಿ ಉಳಿದದ್ದು ಅರ್ಧ ದಿನ. ಊಟಕ್ಕೆ ಕೂತರೆ ತಟ್ಟೆಯ ಮುಂದೆ ಆ ಕಂಸ ಬಂದು ಕೂರುತ್ತಿತ್ತು. ಕುರ್ಚಿಯಲ್ಲಿ ಕೂತರೆ ಎದ್ದೇಳೋಣ, ಎದ್ದರೆ ಎಲ್ಲಿಗಾದರೂ ಹೋಗೋಣ, ಹೊರಟರೆ ವಾಪಸ್ ಬರೋಣ. ನಡುದಾರಿ ಹುಡುಕಿ ಎರಡು ದಿನ ಹಾಳು ಮಾಡಿದೆ. ಉಸಿರಿನ ಒಂಬತ್ತು ಪುಟ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳೋಣ ಎಂದು ಕತ್ತರಿಸಿ ನೋಡಿದೆ. ಆರನೆಯ ಅಧ್ಯಾಯ ಪೂರ್ತಿ ಐದನೆಯದರ ಹೆಗಲ ಮೇಲೆ ಕೈ ಹಾಕಿ ನಿಂತಿತ್ತು. ಅದೂ ದೊಪ್ಪನೆ ಬಿತ್ತು. ಉಳಿದ ದಿನ ಇಪ್ಪತ್ತೇಳು.

ಮೊದಲು ಆ ಉಸಿರು ಎಲ್ಲಿಂದ ಬಂತು ಎಂದಾದರೂ ಗೊತ್ತಾಗಲಿ ಎಂದು ಶನಿವಾರ ಪಾಲಿಬೆಟ್ಟದ ಬಸ್ ಹತ್ತಿದೆ. ಕಾಫಿ ಕೊಯ್ಲಿನ ಪಿಕಿಂಗ್ ಸಮಯ. ದಾರಿಯುದ್ದಕ್ಕೂ ಕಾಫಿ ಹಣ್ಣಿನ ಚೀಲ ತುಂಬಿದ ಜೀಪುಗಳು ಅಡ್ಡ. ಬಂಗಲೆ ಮುಟ್ಟುವಾಗ ಹನ್ನೊಂದಾಗಿತ್ತು. ಆಂಟಿ ಉಗ್ರಾಣದ ಬೀಗ ತೆಗೆದು, “ನೋಡಿ ನೋಡಿ, ಎಷ್ಟು ಬೇಕಾದ್ರೂ ನೋಡಿ. ವಾಸನೆ ಮಾತ್ರ ತಡ್ಕೊಳ್ಬೇಕು” ಅಂದರು. ಹಳೆಯ ಫಿಲ್ಮಿಗೆ ಬರುವ ಹುಳಿ ವಾಸನೆ, ಉಪ್ಪಿನಕಾಯಿ ಕೆಟ್ಟ ಹಾಗೆ. ಕೊನೆಯ ರೀಲನ್ನು ಕಿಟಕಿಯ ಬೆಳಕಿಗೆ ತಂದು, ಕೈಯಲ್ಲಿ ತಿರುಗಿಸುವ ಎರಡು ಚಕ್ರಕ್ಕೆ ಹಾಕಿ, ಮೆಲ್ಲಗೆ ಬಿಚ್ಚುತ್ತಾ ಹೋದೆ. ಹತ್ತಿಯ ಕೈಗವಸು ಹಾಕಿದ್ದೆ. ಹೆಬ್ಬೆರಳಲ್ಲಿ ಫಿಲ್ಮಿನ ಅಂಚು ಸವರುತ್ತಿದ್ದರೆ, ಜೋಡಿಸಿದ ಜಾಗ ಬಂದಾಗ ಗಂಟು ಸಿಕ್ಕಿದಂತೆ ತಡೆಯುತ್ತದೆ.

ತಡೆಯಿತು. ನಟಿಯ ಮುಖ, ಮುಖ, ಮುಖ, ಆಮೇಲೆ ಒಂದು ಅಂಟುಪಟ್ಟಿ, ಆಮೇಲೆ ಬಾಗಿಲು. ಕಾರ್ಖಾನೆಯಲ್ಲಿ ಅಚ್ಚಾದ ಪ್ರತಿಯಲ್ಲಿ ಒಂದು ಶಾಟಿನಿಂದ ಇನ್ನೊಂದಕ್ಕೆ ಫಿಲ್ಮು ಒಂದೇ ಸಮ ಇರಬೇಕು. ಅಂಟುಪಟ್ಟಿ ಇದೆ ಎಂದರೆ ಯಾರೋ ಕತ್ತರಿ ಹಾಕಿದ್ದಾರೆ. ಉಸಿರಿನ ಗುಟ್ಟೂ ಅಲ್ಲೇ ಬಿಚ್ಚಿಕೊಂಡಿತು. ಈ ಫಿಲ್ಮಿನಲ್ಲಿ ಚಿತ್ರದ ಶಬ್ದ ಆ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ, ಇಪ್ಪತ್ತಾರು ಚೌಕ, ಅಂದರೆ ಫ್ರೇಮು, ಮೊದಲೇ ಇರುತ್ತದೆ. ಅಷ್ಟೆಂದರೆ ಒಂದು ಸೆಕೆಂಡಿಗಿಂತ ಚೂರು ಹೆಚ್ಚು. ಹಾಗಾಗಿ ಚಿತ್ರ ಕತ್ತರಿಸಿದರೂ, ಕತ್ತರಿಸಿ ಬಿಸಾಡಿದ ಭಾಗದ ಮೊದಲ ಒಂದು ಸೆಕೆಂಡಿನ ಶಬ್ದ ಉಳಿದ ಫಿಲ್ಮಿಗೆ ಅಂಟಿಕೊಂಡು ಮುಂದಿನ ಚಿತ್ರದ ಮೇಲೆ ಕೇಳುತ್ತದೆ. ನಾನು ಒಂಬತ್ತು ಪುಟ ಬರೆದದ್ದು ಹೆಂಗಸೊಬ್ಬಳು ಎರಡು ಪುಟ ಮಾತಾಡಲು ಹೊರಟು ಎಳೆದುಕೊಂಡ ಉಸಿರಿನ ಬಗ್ಗೆ. ಮೌನದ ಘನತೆಯಂತೆ! ನಗು ಬಂತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಉಗ್ರಾಣದ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ.

ಆಂಟಿ ಕಾಫಿ ತಂದುಕೊಟ್ಟು ಅಂಟುಪಟ್ಟಿ ನೋಡಿದರು. “ಇದು ನಮ್ಮ ಆಪರೇಟರ್ ಕೆಲಸವೇ. ಜನರೇಟರ್ ನೋಡಿಕೊಳ್ತಿದ್ದ, ಸಿನಿಮಾನೂ ಹಾಕ್ತಿದ್ದ. ಕೈಯಲ್ಲಿ ಕತ್ರಿ ಹಿಡ್ಕೊಂಡೇ ಹುಟ್ಟಿದವ ಅವ. ಸಿದ್ದಾಪುರದಲ್ಲಿ ಮಗಳ ಮನೇಲಿ ಇದ್ದಾನೆ, ಹೋಗಿ ಚೆನ್ನಾಗಿ ಬೈದು ಬನ್ನಿ.”

ಬೈಯಲೆಂದೇ ಹೋದೆ. ಭಾನುವಾರ ಬೆಳಿಗ್ಗೆ. ಬಸ್ಸಿನಲ್ಲಿ ವಾಕ್ಯಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವರು ಬಿಳಿ ಲುಂಗಿ, ಬಿಳಿ ಗಡ್ಡದ ಒಬ್ಬ ಸಣಕಲು ಮುದುಕ. ಮಲಯಾಳಂ ಮನೆಮಾತಿನವರು, ನಮ್ಮ ಕಡೆ ಅಂಥ ಹಿರಿಯರನ್ನು ಇಕ್ಕಾ ಎನ್ನುವುದು ರೂಢಿ. “ಇಕ್ಕಾ, ನಿಮ್ಮ ಕತ್ತರಿಯಿಂದ ನನ್ನ ಕೆಲಸ ಹೋಗ್ತಾ ಇದೆ” ಎಂದು ನಿಂತಲ್ಲೇ ಶುರು ಮಾಡಿದೆ. ಲ್ಯಾಪ್‌ಟಾಪ್ ತೆಗೆದು ಕೊನೆಯ ದೃಶ್ಯ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಮೂಗು ಪರದೆಗೆ ತಾಗುವಷ್ಟು ಬಗ್ಗಿದರು.

“ಪಡಚ್ಚೋನೇ!” ಅಂದರು. ಸೃಷ್ಟಿಕರ್ತನನ್ನು ಕರೆದದ್ದು. “ಇದು ನಮ್ಮ ಪಟ ಅಲ್ವಾ! ಇನ್ನೂ ಉಂಟಾ?”

“ಉಂಟು. ಅವಳ ಮಾತೆಲ್ಲ ಎಲ್ಲಿ?”

“ಕಟ್ ಮಾಡಿದೆ” ಅಂದರು, ಮರದ ಒಣಗಿದ ಕೊಂಬೆ ಕಡಿದೆ ಅನ್ನುವ ಹಾಗೆ.

“ಯಾಕೆ?”

“ಕೂತ್ಕೊಳ್ಳಿ ಟೀಚರೇ. ಕೋಪ ಮಾಡ್ಬೇಡಿ. ಹೇಳ್ತೇನೆ.”

ಪ್ರತಿ ವರ್ಷ ಪಿಕಿಂಗ್ ಮುಗಿದ ಮೇಲೆ ಕಾಫಿ ಒಣಗಿಸುವ ಕಣದಲ್ಲಿ, ಗೋದಾಮಿನ ಬಿಳಿ ಗೋಡೆಗೆ, ಲೈನ್ ಎಂಬ ಸಾಲುಮನೆಗಳ ಕೆಲಸದವರಿಗೆ ಸಿನಿಮಾ ತೋರಿಸುವುದು ಆ ಎಸ್ಟೇಟಿನ ಪದ್ಧತಿ. ದೊರೆಗಳು ಬಿಟ್ಟುಹೋದ ಪಟಗಳೇ ಇದ್ದದ್ದು, ಎಲ್ಲ ಇಂಗ್ಲಿಷು. ತಮಿಳಿನವರು, ಮಲಯಾಳದವರು, ಇಲ್ಲಿಯ ಬುಡಕಟ್ಟಿನ ಯರವರು, ಮೈಸೂರು ಕಡೆಯವರು, ಎಲ್ಲರೂ ಚಾಪೆ ಹಾಸಿ ಕೂರುತ್ತಿದ್ದರು. ಒಬ್ಬರಿಗೂ ಭಾಷೆ ಬಾರದು. ಆದರೂ ಈ ಅಕ್ಕನ ಪಟ ಎಂದರೆ ಹೆಂಗಸರಿಗೆ ಜೀವ. ಬಟ್ಟೆ ಒಗೆಯುವುದು, ತಮ್ಮಂದಿರಿಗೆ ಬಡಿಸುವುದು, ಇದಕ್ಕೆಲ್ಲ ಭಾಷೆ ಯಾಕೆ ಬೇಕು?

“ಕೊನೆಗೆ ಅವಳು ಮಾತು ಶುರು ಮಾಡಿದ್ಲಾ, ಮುಗೀತು ಟೀಚರೇ. ಮಾತೇ ಮಾತು, ಮಾತೇ ಮಾತು. ಜನ ಪಟ ಮುಗೀತು ಅಂತ ಎದ್ದು ಚಾಪೆ ಕೊಡವ್ತಿದ್ರು. ಕಣದ ಧೂಳೆಲ್ಲ ಲೈಟಿಗೆ ಬಂದು ಅವಳ ಮುಖವೇ ಕಾಣ್ತಿರಲಿಲ್ಲ. ಅಷ್ಟು ಒಳ್ಳೆ ಹೆಂಗಸು ಮನೆ ಬಿಟ್ಟು ಹೋಗ್ತಾಳೆ, ಯಾರೂ ನೋಡೋದಿಲ್ಲ. ನನಗೆ ಹೊಟ್ಟೆ ಉರೀತು. ಒಂದು ವರ್ಷ ಮಧ್ಯದಿಂದ ಸ್ವಲ್ಪ ತೆಗೆದೆ. ಆದರೂ ಎದ್ರು. ಮುಂದಿನ ವರ್ಷ ಇನ್ನಷ್ಟು ತೆಗೆದೆ. ಆದರೂ ಆಚೀಚೆ ನೋಡ್ತಿದ್ರು. ಮೂರನೇ ವರ್ಷ ಪೂರ್ತಿ ತೆಗೆದೆ. ಆಗ ಒಬ್ಬರೂ ಏಳಲಿಲ್ಲ.”

ಇವರು ಮೂರು ವರ್ಷ ತೆಗೆದುಕೊಂಡಿದ್ದರು. ಪ್ರತಿ ಸಲ ಕತ್ತರಿಸಿ, ಜನರ ಮುಖ ನೋಡಿ, ಮತ್ತೆ ಕತ್ತರಿಸಿ. ಸಂಕಲನಕಾರರು ಮಾಡುವುದೂ ಇದನ್ನೇ ಅಲ್ಲವೇ? ಕತ್ತರಿಸಿದ ತುಂಡುಗಳೆಲ್ಲಿ ಎಂದೆ. ಲೈನ್‌ನ ಮಕ್ಕಳು ಭೂತಗನ್ನಡಿ ಹಿಡಿದು ಗೋಡೆಗೆ ಚಿತ್ರ ಬಿಡಲು ತೆಗೆದುಕೊಂಡು ಹೋದರಂತೆ, ಮುಗಿಯಿತು. ಕೊನೆಗೆ ಕೇಳಲೋ ಬೇಡವೋ ಎಂದು ಕೇಳಿದೆ.

“ಈ ಉಸಿರು ಉಳೀತಲ್ಲ ಇಕ್ಕಾ, ಅದು ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಎಂತ? ಜಾಯಿಂಟ್ ಮಾಡಿದ್ರೆ ಶಬ್ದ ಸ್ವಲ್ಪ ಉಳೀತದೆ. ಅದರ ಮೇಲೆ ಕರಿ ಶಾಯಿ ಹಚ್ಚಿದ್ರೆ ಹೋಗ್ತದೆ. ಬೇರೆ ಪಟಕ್ಕೆಲ್ಲ ಹಚ್ಚಿದ್ದೇನೆ. ಇದಕ್ಕೂ ಬ್ರಷ್ ತೆಗೆದೆ. ಆಮೇಲೆ ಅನ್ನಿಸ್ತು, ಬೇಡ. ಇದು ಇದ್ರೆ ಚಂದ. ಅವಳು ಹೋದ ಮೇಲೂ ಇಲ್ಲೇ ಎಲ್ಲೋ ಇದ್ದಾಳೆ ಅಂತ ಆಗ್ತದೆ.”

ಅವರು ಹೇಳಿದ ಆ ಕೊನೆಯ ಮಾತು ಹೆಚ್ಚು ಕಮ್ಮಿ ಹಾಗೆಯೇ ನನ್ನ ಪ್ರಬಂಧದಲ್ಲಿತ್ತು. ಇಂಗ್ಲಿಷಿನಲ್ಲಿ, ಅರ್ಧ ಪುಟದ ಒಂದು ವಾಕ್ಯದಲ್ಲಿ. ಉಸಿರಿನ ಬಗ್ಗೆ ನಾನು ಬರೆದದ್ದು ಸುಳ್ಳಲ್ಲ. ಅದನ್ನು ಅಲ್ಲಿಟ್ಟವನು ಹಾಲಿವುಡ್ಡಿನ ನಿರ್ದೇಶಕನಲ್ಲ, ಅಷ್ಟೇ. ಬೈಯಲು ಹೋದವಳು ಅಲ್ಲೇ ಅಕ್ಕಿಹಿಟ್ಟಿನ ನೈಪತ್ತಿರಿ ತಿಂದು, ಮೂರು ಗಂಟೆ ಕೂತು, ಅವರು ಕತ್ತರಿಸುತ್ತಿದ್ದ ಕ್ರಮವನ್ನೆಲ್ಲ ಬರೆದುಕೊಂಡು, ಅವರ ಒಪ್ಪಿಗೆಯ ಸಹಿ ಹಾಕಿಸಿಕೊಂಡು ವಾಪಸ್ ಬಂದೆ.

ಬಸ್ಸಿನಲ್ಲೇ ನಿರ್ಧಾರವಾಗಿತ್ತು. ಐದನೆಯ ಅಧ್ಯಾಯವನ್ನು ಮೊದಲಿಂದ ಬರೆಯುವುದು. ನಾಟಕ, ಅಮೆರಿಕದಲ್ಲಿ ಬಿಡುಗಡೆಯಾದ ಸಿನಿಮಾ, ಪಾಲಿಬೆಟ್ಟದ ಕಣದಲ್ಲಿ ತೋರಿಸಿದ ಸಿನಿಮಾ. ಬೇಡುವ ಅಕ್ಕ ಹೇಗೆ ಬೇಡದ ಅಕ್ಕನಾದಳು, ಯಾರು ಮಾಡಿದರು, ಯಾರಿಗಾಗಿ. ನಾನೇ ಮೊದಲು ತಪ್ಪು ತಿಳಿದಿದ್ದೆ ಎನ್ನುವುದನ್ನೂ ಮುಚ್ಚಿಡದೆ ಬರೆಯುವುದು. ಉಳಿದದ್ದು ಇಪ್ಪತ್ತೈದು ದಿನ.

ಗೈಡ್ ಫೋನಿನಲ್ಲಿ ಕೂಗಾಡಿದರು. “ನಿಮಗೇನು ತಲೆ ಕೆಟ್ಟಿದೆಯೇನಮ್ಮ? ಜನರೇಟರ್ ನೋಡಿಕೊಳ್ಳೋನನ್ನ ತಂದು ಅಮೆರಿಕನ್ ಸಿನಿಮಾದ ಅಧ್ಯಾಯಕ್ಕೆ ಕೂರಿಸ್ತೀರಾ? ಪರೀಕ್ಷಕರು ನಗ್ತಾರೆ. ನಿಮ್ಮ ಜೊತೆ ನನ್ನ ಮಾನವೂ ಹೋಗುತ್ತೆ.”

“ಇದ್ದದ್ದು ಇದ್ದ ಹಾಗೆ ಬರೀತೀನಿ ಸರ್. ಸಹಿ ಹಾಕೋದು ಬಿಡೋದು ನಿಮಗೆ ಬಿಟ್ಟದ್ದು” ಅಂದೆ. ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ಇಟ್ಟ ಮೇಲೆ ಮತ್ತೆ ಡಯಲ್ ಮಾಡಲು ಹೋಗಿ ಬಿಟ್ಟೆ.

ಆ ಇಪ್ಪತ್ತೈದು ದಿನ ನಾನು ಮನುಷ್ಯಳಾಗಿರಲಿಲ್ಲ. ಕೋಷ್ಟಕವನ್ನೆಲ್ಲ ಮೂರು ಕಾಲಮ್ಮಿಗೆ ಬದಲಾಯಿಸಬೇಕಿತ್ತು. ಕಾಣದ ದೃಶ್ಯವನ್ನು ವಿಶ್ಲೇಷಿಸುವುದು ಹೇಗೆ? ಸಂಭಾಷಣಾ ಪಟ್ಟಿಯಲ್ಲಿ ಮಾತಿದೆ, ಮುಖ ಇಲ್ಲ. ಅವಳು ಬೇಡುವಾಗ ಕೈ ಎಲ್ಲಿತ್ತು, ಯಾರ ಕಡೆ ನೋಡಿದಳು, ನನಗೆ ಎಂದೂ ಗೊತ್ತಾಗುವುದಿಲ್ಲ. ಗೊತ್ತಿಲ್ಲ ಎಂದು ಬರೆಯಲು ಅಷ್ಟು ಕಷ್ಟಪಟ್ಟದ್ದು ಅದೇ ಮೊದಲು. ಎರಡು ಸಲ ಆಂಟಿಯ ಬಂಗಲೆಗೆ ಹೋಗಿ, ಉಳಿದ ರೀಲುಗಳ ಜೋಡಣೆಗಳನ್ನೂ ಹೆಬ್ಬೆರಳಲ್ಲಿ ಹುಡುಕಿ, ಶಾಯಿ ಹಚ್ಚಿದ ಜಾಗಗಳ ಚಿತ್ರ ತೆಗೆದೆ. ಇಕ್ಕ ಹೇಳಿದಂತೆಯೇ ಇತ್ತು. ಬೇರೆ ಎಲ್ಲ ಜೋಡಣೆಗೂ ಕರಿ ಬಳಿದಿದ್ದಾರೆ, ಇದೊಂದಕ್ಕೆ ಮಾತ್ರ ಇಲ್ಲ. ಸಾಕ್ಷಿ ಅಂತ ಇದ್ದದ್ದು ಅದೊಂದೇ.

ಕೊನೆಯ ದಿನ ಮಧ್ಯಾಹ್ನ ಮೈಸೂರಿನ ವಿಭಾಗದಲ್ಲಿ ಗೈಡ್ ಎದುರು ನಿಂತೆ. ಅವರು ಐದನೆಯ ಅಧ್ಯಾಯ ಮಾತ್ರ ತೆಗೆದು ಓದಲು ಕೂತರು. ನಾನು ಕಾರಿಡಾರಿನಲ್ಲಿ ಎಷ್ಟು ಸಲ ಓಡಾಡಿದೆನೋ, ಅಟೆಂಡರ್ “ಕೂತ್ಕೊಳ್ಳಿ ಮೇಡಂ, ತಲೆ ತಿರುಗ್ತದೆ ನನಗೆ” ಅಂದ. ನಾಲ್ಕೂವರೆಗೆ ಕರೆದರು. ಸಹಿ ಹಾಕಿದ್ದರು. “ನನಗೆ ಒಪ್ಪಿಗೆ ಇದೆ ಅಂತ ಅಲ್ಲ. ವೈವಾದಲ್ಲಿ ನಿಮ್ಮನ್ನ ನಾನು ಕಾಪಾಡೋದಿಲ್ಲ, ಗೊತ್ತಿರಲಿ” ಅಂದರು. ಕಚೇರಿಯ ಕಿಟಕಿ ಮುಚ್ಚುವ ಮುಂಚೆ ಪ್ರತಿಗಳನ್ನು ಒಳಗೆ ತಳ್ಳಿದೆ.

ಆರು ತಿಂಗಳ ಮೇಲೆ ವೈವಾ. ಅದು ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು. ಇಕ್ಕನಿಗೆ ವಿಷಯ ತಿಳಿಸಲೆಂದು ಫೋನ್ ಮಾಡಿದ್ದೆ, ಅಷ್ಟೇ. ಅವರು ಅಳಿಯನ ಜೊತೆ ಬೆಳಿಗ್ಗೆಯ ಬಸ್ಸಿಗೆ ಬಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಇವರ ಎದುರು ಇವರ ಬಗ್ಗೆ ಪರೀಕ್ಷಕರು ನಕ್ಕರೆ?

ಹೊರಗಿನಿಂದ ಬಂದ ಪರೀಕ್ಷಕರು ನಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಐದನೆಯ ಅಧ್ಯಾಯವನ್ನು ಎಳೆ ಎಳೆಯಾಗಿ ಬಿಚ್ಚಿದರು. ಒಬ್ಬ ಆಪರೇಟರ್ ತನ್ನ ಅನುಕೂಲಕ್ಕೆ ಫಿಲ್ಮು ಕತ್ತರಿಸುವುದು ಎಲ್ಲ ಕಡೆ ಇದ್ದದ್ದೇ, ಅದನ್ನು ವ್ಯಾಖ್ಯಾನ ಎನ್ನಲು ಏನು ಆಧಾರ? ಜನ ಏಳಲಿಲ್ಲ ಎಂದರೆ ಅರ್ಥ ಮಾಡಿಕೊಂಡರು ಎಂದಾಗುತ್ತದೆಯೇ? ಹಗಲೆಲ್ಲ ಬಿಸಿಲಲ್ಲಿ ದುಡಿದು ನಿದ್ದೆ ಹೋಗಿರಬಹುದಲ್ಲ? ನನ್ನ ಹತ್ತಿರ ಇದ್ದದ್ದು ಶಾಯಿ ಹಚ್ಚದ ಒಂದು ಜೋಡಣೆ. ಅದನ್ನೇ ಮೂರು ಸಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಗಿಯಿತು ಅಂದುಕೊಂಡೆ. ನಿವೃತ್ತರಾಗಿದ್ದರೂ ಬಂದಿದ್ದ ಗೈಡ್ ಗೋಡೆ ನೋಡುತ್ತಿದ್ದರು.

ಅಧ್ಯಕ್ಷರು ನಿಯಮದಂತೆ, ಸಭೆಯಿಂದ ಪ್ರಶ್ನೆಗಳಿವೆಯೇ ಎಂದು ಕೇಳಿದರು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಇಕ್ಕ ಎದ್ದು ನಿಂತರು.

“ನನಗೆ ಇಂಗ್ಲಿಷ್ ಬರೋದಿಲ್ಲ ಸಾರ್. ಆ ಪಟ ಕಟ್ ಮಾಡಿದ್ದು ನಾನೇ. ಅವಳು ಎಂತ ಹೇಳ್ತಿದ್ಲು ಅಂತ ಇಷ್ಟು ವರ್ಷ ನನಗೆ ಗೊತ್ತಿಲ್ಲ. ಟೀಚರ್ ಒಮ್ಮೆ ಹೇಳಬಹುದಾ?”

ಮೂರು ಗಂಟೆ ಅವರ ಮನೆಯಲ್ಲಿ ಕೂತು ಅವರನ್ನೇ ಕೇಳಿದ್ದೆ, ಇದನ್ನು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅಧ್ಯಕ್ಷರು ತಲೆ ಆಡಿಸಿದರು. ನಾನು ಆ ಎರಡು ಪುಟವನ್ನು ಕನ್ನಡದಲ್ಲಿ ಹೇಳಿದೆ. ಚಳಿಯಲ್ಲಿ ಸಿಡಿದ ಕೈ, ತಮ್ಮಂದಿರ ಶಾಲೆಯ ಅಂಗಿ, ತಂಗಿಯ ಜ್ವರ. “ಕೊನೆಗೆ ಕೇಳಿಕೊಳ್ತಾಳೆ ಇಕ್ಕಾ. ನಾನು ಹೊರಟೆ, ಒಬ್ಬರಾದರೂ ನಿಲ್ಲು ಅನ್ನಿ ಅಂತ. ಯಾರೂ ಅನ್ನೋದಿಲ್ಲ.”

ಇಕ್ಕ ಎದುರಿನ ಬೆಂಚು ಹಿಡಿದುಕೊಂಡರು.

“ಅಯ್ಯೋ ಟೀಚರೇ, ಅಂದಿದ್ರಲ್ಲ! ನಮ್ಮ ಕಣದಲ್ಲಿ ಅಂದಿದ್ರು. ಮಾತು ತೆಗೆದ ಮೇಲೆ, ಆ ಬಾಗಿಲು ಬಂದ ಕೂಡಲೇ ಹೆಂಗಸರೆಲ್ಲ ಕೂಗ್ತಿದ್ರು. ತಮಿಳಿನವರು ಪೋಗಾದೆ ಅಂತ, ನಮ್ಮವರು ಪೋವಲ್ಲೇ ಅಂತ, ಕನ್ನಡದವರು ಹೋಗ್ಬೇಡ್ವೇ ಅಂತ. ಗೋಡೆಗೆ ಕೂಗ್ತಿದ್ರು. ನಾನು ನಿಮಗೆ ಹೇಳ್ಲೇ ಇಲ್ಲ. ಗಲಾಟೆ ಅಂತ ಗ್ರಹಿಸಿದ್ದೆ.”

ಹೊರಗಿನ ಪರೀಕ್ಷಕರು ಕನ್ನಡಕ ಹಾಕಿಕೊಂಡರು. ಬೆಳಗಿನಿಂದ ಒಂದು ಶಬ್ದವೂ ಕನ್ನಡ ಆಡದಿದ್ದವರು, ಧಾರವಾಡದ ಅಪ್ಪಟ ಧಾಟಿಯಲ್ಲಿ ಕೇಳಿದರು: “ಪ್ರತಿ ಸಲಾನೂ ಕೂಗತಿದ್ರೇನ್ರಿ, ಅಜ್ಜಾರ?”

“ಪ್ರತಿ ಸಲ ಸಾರ್. ಗೊತ್ತಲ್ಲ ಅವರಿಗೆ, ಅವಳು ನಿಲ್ಲೋದಿಲ್ಲ ಅಂತ. ಆದರೂ ಕೂಗ್ತಿದ್ರು.”

ಅವರು ಬರೆದುಕೊಂಡರು. ಹೆಂಗಸರ ಕೂಗನ್ನು ಐದನೆಯ ಅಧ್ಯಾಯಕ್ಕೆ ಸೇರಿಸಬೇಕು ಎನ್ನುವ ಒಂದೇ ಒಂದು ತಿದ್ದುಪಡಿಯೊಂದಿಗೆ ನನಗೆ ಪದವಿ ಕೊಡಬಹುದೆಂದು ಅಧ್ಯಕ್ಷರು ಓದಿದಾಗ, ಎಲ್ಲರೂ ಚಪ್ಪಾಳೆ ತಟ್ಟಿದರು. ಇಕ್ಕ ತಟ್ಟಲಿಲ್ಲ. ಅವರು ಇನ್ನೂ ನಿಂತೇ ಇದ್ದರು, ಕಣ್ಣು ಒರೆಸಿಕೊಳ್ಳುತ್ತಾ, “ಅವಳಿಗೆ ಕೇಳಿಸ್ಲಿಲ್ಲ ಅಲ್ವಾ ಟೀಚರೇ” ಎಂದು ನನ್ನನ್ನೇ ಕೇಳುತ್ತಿದ್ದರು.